ಪದ್ಯ ಅವರದ್ದು, ಅರ್ಥ ನನ್ನದು

ನನಗೆ ಹಠ ಬಂದರೆ ಅದು ಯಾವಾಗಲೂ ಯಾರಿಗೂ ಬೇಡವಾದ ವಿಷಯಕ್ಕೇ ಬರುತ್ತದೆ. ಸಿಗರೇಟು ಬಿಡುವುದಕ್ಕೆ, ಹೊಟ್ಟೆ ಕರಗಿಸುವುದಕ್ಕೆ ಬಾರದ ಹಠ, ಒಂದು ಸಿ.ಡಿ.ಯನ್ನು ಹೆಂಡತಿಗೆ ಮೊದಲಿನಿಂದ ಕೊನೆಯವರೆಗೆ ಕೇಳಿಸಲೇಬೇಕು ಎನ್ನುವುದಕ್ಕೆ ಬಂತು.

ನಾನು ಮರುಭೂಮಿಯಾಚೆಯ ರುವೈಸ್‌ನ ಎಣ್ಣೆ ಕಂಪನಿಯಲ್ಲಿ ಟೆಕ್ನಿಷಿಯನ್. ಹೆಂಡತಿ ಶ್ಯಾಮಲಾ ದುಬೈಯಲ್ಲಿ ಟೀಚರು, ಮಗಳ ಜೊತೆ ಅಲ್ ನಹ್ದಾದ ಫ್ಲ್ಯಾಟಿನಲ್ಲಿ ವಾಸ. ನಾನು ಗುರುವಾರ ಸಂಜೆ ಹೊರಟು ಮನೆ ಸೇರುವುದು, ಶನಿವಾರ ಮರಳುವುದು. ಮೂರೂವರೆ ಗಂಟೆಯ ದಾರಿ. ಎಡಕ್ಕೂ ಮರಳು, ಬಲಕ್ಕೂ ಮರಳು. ಕೆಲಸ ಮುಗಿಸಿ ದೇಶಕ್ಕೆ ಹೊರಟ ಅಮೆರಿಕನ್ ಸೂಪರ್‌ವೈಸರ್ ಒಬ್ಬ, ಖಲಾಸ್, ಇನ್ನಿದು ನಿನ್ನದು ಎಂದು ಕೊಟ್ಟ ಸಿ.ಡಿ.ಯೇ ಆ ದಾರಿಯ ಜೊತೆಗಾರ. ಬ್ಲೂಸ್ ಗಿಟಾರಿನ ಮುದುಕನೊಬ್ಬ, ಸೋಲ್ ಎಂಬ ಬಗೆಯ ಹಾಡು ಹಾಡುವ ಹೆಂಗಸೊಬ್ಬಳು ಕೂಡಿ ಮಾಡಿದ ಹತ್ತು ಹಾಡು. ಇಬ್ಬರ ದಾರಿಯೂ ಬೇರೆ. ಈ ಒಂದು ಆಲ್ಬಮ್ಮಿಗಾಗಿ ಒಂದೇ ಕೋಣೆಯಲ್ಲಿ ಕೂತಿದ್ದಾರೆ. ಅವಳು ಸಾಲು ಮುಗಿಸಿದರೆ ಅವನ ಗಿಟಾರು ಹೌದು ಹೌದು ಎನ್ನುತ್ತದೆ. ವಾರವೆಲ್ಲ ಒಬ್ಬನೇ ಕೂತು ಉಣ್ಣುವ ನನಗೆ ಅದನ್ನು ಕೇಳಿ ಹೊಟ್ಟೆಕಿಚ್ಚೇ ಆಗುತ್ತಿತ್ತು. ಇದನ್ನು ಶ್ಯಾಮಲಾ ಕೇಳಬೇಕು, ನನ್ನ ಪಕ್ಕದಲ್ಲೇ ಕೂತು ಕೇಳಬೇಕು.

ಮನೆಯಲ್ಲಿ ಅದು ಆಗುವ ಮಾತಲ್ಲ. ಮೊದಲ ಹಾಡಿಗೆ ಕುಕ್ಕರ್ ಕೂಗುತ್ತದೆ, ಎರಡನೆಯದಕ್ಕೆ ಉಡುಪಿಯಿಂದ ಅಮ್ಮನ ಫೋನು, ಮೂರನೆಯದಕ್ಕೆ ಪಕ್ಕದ ಫ್ಲ್ಯಾಟಿನವರು ಕರಿಬೇವು ಕೇಳಿಕೊಂಡು ಬರುತ್ತಾರೆ. ಹಾಗಾಗಿ ಈದ್ ರಜೆಗೆ ಇಬ್ಬರನ್ನೂ ಕಾರಿನಲ್ಲಿ ರುವೈಸ್‌ಗೆ ಹೊರಡಿಸಿದೆ. ಓಡುವ ಕಾರಿನಿಂದ ಯಾರೂ ಎದ್ದು ಹೋಗುವಂತಿಲ್ಲವಲ್ಲ. ಮಗಳು ಮಾತ್ರ ಹಿಂದಿನ ಸೀಟಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, "ವೇಕ್ ಮಿ ವೆನ್ ವಿ ರೀಚ್" ಎಂದು ಕಣ್ಣು ಮುಚ್ಚಿದಳು. ನಮ್ಮ ಮನೆಯಲ್ಲಿ ಬುದ್ಧಿವಂತೆ ಅವಳೊಬ್ಬಳೇ.

ಶ್ಯಾಮಲಾಗೆ ತಳಬುಡ ತಿಳಿಯದಿದ್ದರೆ ಹೇಗೆ ಎಂದು ನಾನು ಸ್ವಲ್ಪ ವಿವರಿಸಿದೆ. ಬ್ಲೂಸ್ ಎಂದರೆ ಕಷ್ಟವನ್ನು ಕೂತು ಹೇಳಿಕೊಳ್ಳುವುದು, ಸೋಲ್ ಎಂದರೆ ಅದೇ ಕಷ್ಟವನ್ನು ಎದ್ದು ನಿಂತು ಹೇಳಿಕೊಳ್ಳುವುದು ಎಂದೆ. ನಿಮ್ಮಮ್ಮ ಎರಡೂ ಮಾಡುತ್ತಾರೆ ಎಂದಳು. ಇವಳಿಗೆ ಅರ್ಥವಾಗುತ್ತಿದೆ ಎಂದು ನನಗೆ ಹುರುಪು ಬಂತು. ಗಿಟಾರು ಎಲ್ಲಿ ತಡೆದು ನಿಲ್ಲುತ್ತದೆ, ಆ ಹೆಂಗಸು ಎಲ್ಲಿ ಉಸಿರು ಹಿಡಿಯುತ್ತಾಳೆ, ಒಂದನ್ನೂ ಬಿಡದೆ ತೋರಿಸಿಕೊಟ್ಟೆ. ಹತ್ತನೆಯ ಹಾಡು ಮುಗಿದಾಗ, ಅಂತೂ ಗೆದ್ದೆ ಎಂದುಕೊಂಡು ಹೇಗಿತ್ತು ಎಂದು ಕೇಳಿದೆ.

"ಪದ್ಯ ಅವರು ಹೇಳಿದ್ದು, ಅರ್ಥ ಪೂರಾ ನೀವೇ ಹೇಳಿದ್ದು ಮಾರಾಯ್ರೆ. ತಾಳಮದ್ದಳೆ ಅಂತ ಮೊದಲೇ ಹೇಳಿದ್ರೆ ನಾನೂ ಒಂದು ಪಾತ್ರ ತಯಾರು ಮಾಡ್ಕೊಂಡು ಬರ್ತಿದ್ದೆ."

ನಮ್ಮೂರ ತಾಳಮದ್ದಳೆಯಲ್ಲಿ ಭಾಗವತರು ಒಂದು ಪದ್ಯ ಹಾಡಿದರೆ ಅರ್ಥಧಾರಿ ಅರ್ಧ ಗಂಟೆ ಮಾತಾಡುತ್ತಾನೆ. ಆದರೆ ಅವನು ಪದ್ಯ ಮುಗಿಯುವವರೆಗಾದರೂ ಕಾಯುತ್ತಾನೆ. ನನಗೆ ನಿಜಕ್ಕೂ ನಾಚಿಕೆಯಾಯಿತು.

ರಜೆ ಮುಗಿಸಿ ದುಬೈಗೆ ಮರಳುವಾಗ ಪುನಃ ಅದೇ ಸಿ.ಡಿ. ಹಾಕಿದೆ. ಈ ಸಲ ಸತ್ತರೂ ಬಾಯಿ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿ ಕೂತೆ. ಮೂರನೆಯ ಹಾಡಿಗೆ ಶ್ಯಾಮಲಾ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿಲ್ಲ ಎಂದು ಖಾತ್ರಿಯಾದ ಮೇಲೆ ತಾನೇ ಕೈ ಚಾಚಿ ಹಾಡು ನಿಲ್ಲಿಸಿದಳು.

"ವಾರ ಇಡೀ ಮನೆಯಲ್ಲಿ ನಿಮ್ಮ ಮಾತಿಲ್ಲ. ಇಲ್ಲಿಯೂ ಇಲ್ಲದಿದ್ರೆ ಹೇಗೆ? ಎಂತಾದ್ರೂ ಹೇಳಿ."

ಮದುವೆಯಾದ ಮೇಲೆ ಮೊದಲ ಸಲ ಹೆಂಡತಿ ನನಗೆ ಮಾತಾಡಿ ಎಂದಿದ್ದಳು. ಬಾಯಿ ತೆರೆದೆ. ಎಡಕ್ಕೆ ಮರಳು, ಬಲಕ್ಕೆ ಮರಳು. ಒಂದು ಮಾತೂ ಹೊಳೆಯಲಿಲ್ಲ. ಭಾಗವತರಿಲ್ಲದೆ ಅರ್ಥಧಾರಿ ಎಷ್ಟು ಹೊತ್ತು ಬಾಯಿ ತೆರೆದುಕೊಂಡು ಕೂತಾನು? ಕೊನೆಗೆ ನಾನೇ ಮತ್ತೆ ಹಾಡು ಹಾಕಿದೆ, ಸಣ್ಣಗೆ.