ಕಡ್ಡಿಯ ಮೇಲೆ ನಿಲ್ಲದ ಮೊಲಗಳು

"ಮುನ್ನೂರು ಜನದ ಬಾಡೂಟಕ್ಕೆ ಮುದ್ದೆ ಕಟ್ಟಿದ ಕೈ ಕಣೇ ಇದು! ನಿಂಬೆಹಣ್ಣಿನಷ್ಟು ಕೇಕಿಗೆ ಹೆದರುತ್ತಾ?"

ಮಧುರೆ ಗ್ರಾಮದ ಬೈರೇಶ ಭಾನುವಾರ ಬೆಳಿಗ್ಗೆ ಹೀಗೆ ಘೋಷಿಸಿ, ಲುಂಗಿ ಎತ್ತಿ ಕಟ್ಟಿ ಅಡುಗೆಮನೆ ಪ್ರವೇಶಿಸಿದಾಗ ಹೆಂಡತಿ ಅರ್ಪಿತ ಎಣ್ಣೆ ಡಬ್ಬ, ಸಕ್ಕರೆ ಡಬ್ಬ, ಉಪ್ಪಿನಕಾಯಿ ಜಾಡಿ ಎಲ್ಲವನ್ನೂ ಒಂದೊಂದು ಗೇಣು ಹಿಂದಕ್ಕೆ ಸರಿಸಿದಳು, ಅಷ್ಟೇ. ಸಂಸಾರ ಕಲಿಸಿದ ಬುದ್ಧಿ!

ಬೈರೇಶ ದೊಡ್ಡಬಳ್ಳಾಪುರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಆದರೆ ಊರಿನವರ ಪಾಲಿಗೆ ಅವನು ಮುದ್ದೆ ಬೈರೇಶನೇ. ಸುತ್ತಮುತ್ತ ಯಾರ ಮನೆಯಲ್ಲಿ ಬಾಡೂಟವಾದರೂ ಮುದ್ದೆಗೆ ಅವನೇ ಬೇಕು. ಸುಡುಸುಡುವ ಹಿಟ್ಟನ್ನು ಒದ್ದೆ ಕೈಯಲ್ಲಿ ಹಿಡಿದು ಒಂದು ಸುತ್ತು ಸುತ್ತಿದನೆಂದರೆ ಮುದ್ದೆ ಕನ್ನಡಿಯ ಹಾಗೆ ಹೊಳೆಯಬೇಕು! ಈ ಕೀರ್ತಿ ತಲೆಗೇರಿ ಎಷ್ಟೋ ಕಾಲವಾಗಿತ್ತು.

ಹಾಗಾಗಿಯೇ ಒಂದನೇ ಕ್ಲಾಸಿನ ಮಗಳು ಅಕ್ಷತ, "ಅಪ್ಪಾ, ನಮ್ ಕ್ಲಾಸಲ್ಲಿ ಒಬ್ಳು ಬರ್ತ್‌ಡೇಗೆ ಕಡ್ಡಿಗೆ ಸಿಗ್ಸಿರೋ ಕೇಕ್ ತಂದಿದ್ಲು. ಅದಕ್ಕೆ ಕಣ್ಣು ಮೂಗೆಲ್ಲ ಇತ್ತು. ನಂಗೂ ಬೇಕು, ಮೊಲದ್ದು" ಅಂದಾಗ ಅವನು ಹಿಂದೆಮುಂದೆ ನೋಡದೆ, "ಕೊಳ್ಳೋದ್ಯಾಕೆ ಮಗಳೇ? ನಾನೇ ಮಾಡ್ಕೊಡ್ತೀನಿ!" ಎಂದುಬಿಟ್ಟ. ಆ ಮಗುವೋ, ಅದನ್ನು ಹೋಗಿ ಇಡೀ ಕ್ಲಾಸಿಗೆ ಸಾರಿಬಿಟ್ಟಿತು. ಸೋಮವಾರ ಹುಟ್ಟುಹಬ್ಬ. ಇನ್ನು ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಬೈರೇಶ ಫೋನಿನಲ್ಲಿ ವಿಡಿಯೋ ನೋಡಿದ. ಕೇಕನ್ನು ಪುಡಿ ಮಾಡು, ಕೆನೆ ಹಾಕಿ ಕಲಸು, ಉಂಡೆ ಕಟ್ಟು, ಕಡ್ಡಿ ಚುಚ್ಚು, ಕರಗಿಸಿದ ಬಿಳಿ ಚಾಕೊಲೇಟಿನಲ್ಲಿ ಅದ್ದು, ಗೋಡಂಬಿಯ ಕಿವಿ ಅಂಟಿಸು.

"ಇಷ್ಟೇನಾ! ಇದು ಸಿಹಿ ಮುದ್ದೆ ಕಣೇ!"

ಕುಕ್ಕರಿನಲ್ಲಿ ಕೇಕು ಚೆನ್ನಾಗಿಯೇ ಬಂತು. ಅದನ್ನು ಮಾಡಿದವಳು ಅರ್ಪಿತ, ಮೀಸೆ ತಿರುವಿದವನು ಬೈರೇಶ. ಪುಡಿ ಮಾಡಿ ಕಲಸಿದ ಮೇಲೆ ಅವನು ಗತ್ತಿನಿಂದ ಕೈ ಚಾಚಿದ.

"ಒಂದ್ ಬಟ್ಲಲ್ಲಿ ನೀರ್ ಕೊಡು."

"ನೀರ್ಯಾಕ್ರೀ? ವಿಡಿಯೋದಲ್ಲಿ ಅವ್ಳು ಕೈ ಒದ್ದೆ ಮಾಡ್ಕೊಳ್ಳೇ ಇಲ್ವಲ್ಲ?"

"ಅವ್ಳೇನ್ ಮುದ್ದೆ ಕಟ್ಟಿದಾಳಾ? ನೀರ್ ಮುಟ್ದೆ ಉಂಡೆ ನುಣ್ಣಗ್ ಬರುತ್ತೇನೇ?"

ಬಂತು ನೋಡಿ ಉಂಡೆ! ನುಣ್ಣಗೆ, ದುಂಡಗೆ, ಹೊಳೆಹೊಳೆಯುತ್ತಾ! ಆದರೆ ಆ ಕೈಗೆ ಗೊತ್ತಿದ್ದ ಅಳತೆ ಒಂದೇ. ಅಕ್ಷತ ಹತ್ತಿರ ಬಂದು ಕಣ್ಣರಳಿಸಿದಳು. "ಅಪ್ಪಾ, ಇದು ನನ್ ತಲೆಯಷ್ಟಿದೆ!" ಬೈರೇಶ ಗೊಣಗಿಕೊಂಡು ಒಂದೊಂದನ್ನೂ ಒಡೆದು, ಮತ್ತೆ ಮತ್ತೆ ಕೈ ಒದ್ದೆ ಮಾಡಿಕೊಂಡು ಸಣ್ಣ ಉಂಡೆ ಕಟ್ಟಿದ. ಕಡ್ಡಿ ಚುಚ್ಚಿ, ನೀರು ತೊಟ್ಟಿಕ್ಕುತ್ತಿದ್ದ ಮೊದಲ ಉಂಡೆಯನ್ನು ಚಾಕೊಲೇಟಿಗೆ ಅದ್ದಿದ. ಉಂಡೆ ಪಾತ್ರೆಯಲ್ಲೇ ಉಳಿಯಿತು. ಕಡ್ಡಿಯೊಂದೇ ಮೇಲೆ ಬಂತು!

ಎರಡನೆಯದೂ ಹಾಗೇ ಆಯಿತು. ಮೂರನೆಯದನ್ನು ಅದ್ದುವ ಹೊತ್ತಿಗೆ, ನುಣ್ಣಗೆ ಹರಿಯುತ್ತಿದ್ದ ಚಾಕೊಲೇಟು ನೀರು ಸೋಕಿದ್ದೇ ತಡ, ತರಿತರಿಯಾಗಿ ಬಿಗಿದುಕೊಳ್ಳತೊಡಗಿತು.

"ರೀ, ಗಟ್ಟಿ ಆಗ್ತಿದೆ!"

ಗಟ್ಟಿಯಾದ ಹಿಟ್ಟಿಗೆ ಏನು ಮಾಡಬೇಕೆಂದು ಬೈರೇಶನಿಗೆ ಯಾರಾದರೂ ಹೇಳಿಕೊಡಬೇಕೇ? ಮುದ್ದೆ ಕೋಲು ಎಳೆದುಕೊಂಡ, ಇನ್ನೊಂದಿಷ್ಟು ನೀರು ಚಿಮುಕಿಸಿದ, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಗರಗರನೆ ತಿರುವಿದ! ಚಾಕೊಲೇಟು ಗೋಡೆಗೆ ಮೆತ್ತುವ ಗಾರೆಯಂತಾಗಿ ಕೋಲನ್ನೇ ಕಚ್ಚಿಕೊಂಡಿತು. ಕೋಲೆತ್ತಿದರೆ ಪಾತ್ರೆಯೂ ಜೊತೆಗೇ ಎದ್ದು ಬಂತು.

ಅಷ್ಟರಲ್ಲಿ ತೋಟದಿಂದ ಬಂದ ಬೈರೇಶನ ಅಪ್ಪ ಪಿಳ್ಳಪ್ಪ ತಟ್ಟೆಯಲ್ಲಿದ್ದ ಉಂಡೆಗಳನ್ನು ನೋಡಿ, ಕೈ ತೊಳೆದು ಕೂತೇಬಿಟ್ಟರು. "ಇವತ್ತೇನು, ಮುದ್ದೆ ಇಷ್ಟು ಸಣ್ಣಕ್ಕೆ ಕಟ್ಟಿದೀಯ? ಸರಿ, ಸಾರು ಬಿಡಮ್ಮ."

ಅರ್ಪಿತ ನಕ್ಕು ನಕ್ಕು ಗೋಡೆಗೆ ಒರಗಿದಳು. ಅಕ್ಷತ ನಗಲಿಲ್ಲ. ಅವಳ ಕೆಳತುಟಿ ಮುಂದೆ ಬಂದಿತ್ತು. "ಕ್ಲಾಸಲ್ಲೆಲ್ಲ ಹೇಳ್ಬಿಟ್ಟಿದೀನಿ ಅಪ್ಪಾ..."

ಮೀಸೆ, ಕೀರ್ತಿ, ಮುನ್ನೂರು ಜನ, ಎಲ್ಲವೂ ಆ ತುಟಿಯ ಮುಂದೆ ಮಣ್ಣಾದವು. "ಅಳ್ಬೇಡ ಮಗಳೇ. ಈಗ್ಲೇ ಬೇಕರಿಗೆ ಹೋಗಿ ತರ್ತೀನಿ."

"ಬೇಡ! ನಮ್ಮಪ್ಪನೇ ಮಾಡ್ತಾರೆ ಅಂದಿದೀನಿ. ಅಂಗ್ಡೀದ್ ತಗೊಂಡೋದ್ರೆ ಸುಳ್ಳಾಗಲ್ವಾ?"

ಅರ್ಪಿತ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದೆ ಬಂದಳು. ಗಾರೆಯಾಗಿದ್ದ ಚಾಕೊಲೇಟಿಗೆ ಬಿಸಿ ಹಾಲು ಹಾಕಿ ಮೆತ್ತಗೆ ಕಲಸಿದಳು. ಅದು ಮೆತ್ತಗಾಯಿತು, ಆದರೆ ಇನ್ನು ಗರಿಗರಿಯಾಗಿ ಒಣಗುವ ಮಾತಿಲ್ಲ. "ಕಡ್ಡಿ ಆಸೆ ಬಿಟ್ಬಿಡಿ. ಉಂಡೆಗೆ ಇದನ್ನ ಸವರಿ, ಕೊಬ್ಬರಿ ತುರೀಲಿ ಹೊರಳಾಡ್ಸಿ. ಮತ್ತೆ, ಆ ನೀರಿನ್ ಬಟ್ಲು ನನ್ ಕೈಗ್ ಕೊಡಿ!"

ಬೈರೇಶ ವಿಧೇಯನಾಗಿ ಬಟ್ಟಲು ಒಪ್ಪಿಸಿದ. ಮೊದಲ ಉಂಡೆ ಕೊಬ್ಬರಿಯಲ್ಲಿ ಹೊರಳಿ ಎದ್ದದ್ದೇ ತಡ ಅಕ್ಷತ ಕುಣಿದಳು. "ಅಪ್ಪಾ, ಮೊಲದ ಕೂದ್ಲು!" ಮತ್ತೆ ಅಪ್ಪ ಮಗಳು ನೆಲದ ಮೇಲೆ ಕೂತು ಗೋಡಂಬಿಯ ಕಿವಿ, ದ್ರಾಕ್ಷಿಯ ಕಣ್ಣು ಅಂಟಿಸಿದ್ದೇ ಅಂಟಿಸಿದ್ದು. ಒಂದಕ್ಕೆ ಕಿವಿ ಕೆನ್ನೆಗೆ ಬಂತು. ಇನ್ನೊಂದು ಮೆಳ್ಳೆಗಣ್ಣು ಬಿಟ್ಟುಕೊಂಡು ಪಿಳ್ಳಪ್ಪನವರನ್ನೇ ನೋಡುತ್ತಿತ್ತು. ಅವರು ಅದನ್ನೇ ಎತ್ತಿ ಬಾಯಿಗೆ ಹಾಕಿಕೊಂಡು, "ಸಾರು ಬೇಡ ಬಿಡಮ್ಮ, ಹಿಂಗೇ ಚೆನ್ನಾಗೈತೆ" ಎಂದರು. ಡಬ್ಬ ತುಂಬಿತು, ಮಗಳ ಮುಖವೂ ಅರಳಿತು.

ಸೋಮವಾರ ಬೈರೇಶ ಕೆಲಸದಿಂದ ಬೇಗ ಬಂದು ಜಗಲಿಯ ಮೇಲೆ ಕಾದು ಕೂತ. ಅಕ್ಷತ ಸ್ಕೂಲ್ ವ್ಯಾನಿನಿಂದ ಜಿಗಿದು ಓಡಿ ಬಂದಳು.

"ಅಪ್ಪಾ, ಡಬ್ಬ ಖಾಲಿ! ಎಲ್ರೂ ಇನ್ನೊಂದ್ ಕೊಡು ಇನ್ನೊಂದ್ ಕೊಡು ಅಂದ್ರು!"

ಬೈರೇಶನ ಎದೆ ಮೊದಲಿನ ಅಳತೆಗೆ ಉಬ್ಬಿತು. "ಮಿಸ್ಸು ಏನಂದ್ರು?"

"'ಇಷ್ಟು ಚಿಕ್ಕೋಳು ಎಷ್ಟು ಚೆನ್ನಾಗಿ ಮಾಡಿದೀಯಮ್ಮಾ!' ಅಂದ್ರು. ನಾನಲ್ಲ ಮಿಸ್, ನಮ್ಮಪ್ಪ ಮಾಡಿದ್ದು ಅಂದೆ."

"ಅದಕ್ಕೆ?"

"ಮೊಲಾನ ಇನ್ನೊಂದ್ಸಲ ತಿರುಗ್ಸಿ ತಿರುಗ್ಸಿ ನೋಡಿದ್ರು. ಆಮೇಲೆ, ನಿಮ್ಮಪ್ಪಂಗೆ ಕೊಡು ಅಂತ ಇದನ್ನ ಕೊಟ್ರು." ಅಕ್ಷತ ಕೈಮೇಲಿದ್ದ ಬಂಗಾರದ ಬಣ್ಣದ ಸ್ಟಾರನ್ನು ಕಿತ್ತು ಅಪ್ಪನ ಅಂಗಿಗೆ ಅಂಟಿಸಿದಳು.

"ಭಲೇ!" ಬೈರೇಶ ಅದನ್ನು ಸವರಿಕೊಂಡ. "ಯಾಕೆ, ಒಂದೇನಾ?"

"ಚೆನ್ನಾಗ್ ಮಾಡಿದೋರ್ಗೆ ಮೂರು ಕೊಡ್ತಾರಪ್ಪಾ" ಎಂದು ಅಕ್ಷತ ಅವನ ಬೆನ್ನು ತಟ್ಟಿದಳು. "ಒಂದು ಅಂದ್ರೆ, ಅಳ್ಬೇಡ, ಮುಂದಿನ್ ಸಲ ಬರುತ್ತೆ ಅಂತ."