ನಮ್ಮ ಮನೆಯ ಅಲಾರಂ ಕೂಗದ ಎರಡು ವರ್ಷ

ಹೊಗೆ ಕಂಡರೆ ಕೂಗುವ ಅಲಾರಂ ಹಾಕುವವನಿಗೆ ಹೊಗೆಗಿಂತ ಮನೆಯವರ ಕಾಟವೇ ಹೆಚ್ಚು. ಹೊಸದನ್ನು ಕೂರಿಸುವುದು, ಆಯಸ್ಸು ಮುಗಿದದ್ದನ್ನು ಬದಲಿಸುವುದು, ಸೆಲ್ ಹಾಕಿ ಗುಂಡಿ ಒತ್ತಿ ನೋಡುವುದು ನನ್ನ ಕೆಲಸ. ಚಿಂತಾಮಣಿಯಿಂದ ಬಸ್ಸು ಹತ್ತಿ ಸುತ್ತಲ ತಾಲ್ಲೂಕು ತಿರುಗುತ್ತೇನೆ. ಹೋದ ಕಡೆ ಒಂದಲ್ಲ ಒಂದು ಆಗಿಯೇ ಇರುತ್ತದೆ. ಸಂಜೆ ಅದನ್ನೆಲ್ಲ ಕೇಳಿ ನಗುತ್ತಿದ್ದವಳು ನನ್ನ ಹೆಂಡತಿ. ಕಾಯಿಲೆ ಬಿದ್ದು ಅವಳು ಹೋಗಿ ಹತ್ತು ತಿಂಗಳಾಯಿತು.

ಈಗ ಮನೆಯಲ್ಲಿ ನಾನು, ಪಿಯುಸಿ ಓದುವ ಮಗಳು. ನಾನು ಬೆಳಿಗ್ಗೆ ಹೊರಟ ಮೇಲೆ ಅವಳೊಬ್ಬಳೇ ಗ್ಯಾಸ್ ಹಚ್ಚಿ ಅಡುಗೆ ಮಾಡಿಕೊಂಡು ಕಾಲೇಜಿಗೆ ಹೋಗುತ್ತಾಳೆ. ನನಗಿರುವುದು ಅದೊಂದೇ ಭಯ. ಅಡುಗೆಮನೆ ಬಾಗಿಲ ಮೇಲೆ ನಾನೇ ಕೂರಿಸಿದ ಅಲಾರಂ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಬಸ್ಸು ಹತ್ತುತ್ತಿದ್ದೆ.

ಕುಂಕುಮ

ಚಿಕ್ಕಬಳ್ಳಾಪುರದ ಒಂದು ಅಪಾರ್ಟ್‌ಮೆಂಟು. ಅಗ್ನಿಶಾಮಕದವರು ಪರಿಶೀಲನೆಗೆ ಬರುತ್ತಾರೆ, ಎಲ್ಲ ನಿಯಮದ ಪ್ರಕಾರ ಇದೆಯೋ ಇಲ್ಲವೋ ನೋಡಿಕೊಡಿ ಎಂದು ಅಲ್ಲಿನ ಕಾರ್ಯದರ್ಶಿ ಕರೆಸಿದ್ದರು. ಮೂರನೇ ಮಹಡಿಯ ಒಬ್ಬ ಅಜ್ಜಿಯ ಮನೆಯಲ್ಲಿ ಎಷ್ಟು ಹೊಗೆ ಹಿಡಿದರೂ, ಹಿಂದೆ ನಾನೇ ಕೂರಿಸಿದ್ದ ಅಲಾರಂ ತುಟಿಪಿಟಕ್ಕೆನ್ನಲಿಲ್ಲ. ಇಳಿಸಿ ನೋಡಿದರೆ ಹೊಗೆ ಹೋಗುವ ತೂತುಗಳೆಲ್ಲ ಅರಿಶಿನ ಕುಂಕುಮದಿಂದ ಮುಚ್ಚಿ ಗಟ್ಟಿಯಾಗಿದ್ದವು. ಪ್ರತಿ ಆಯುಧಪೂಜೆಗೂ ಮಗನನ್ನು ಸ್ಟೂಲ್ ಹತ್ತಿಸಿ ಬೊಟ್ಟು ಇಡಿಸಿದ್ದರಂತೆ. ಹೀಗೆ ಮಾಡಬಾರದಮ್ಮ ಎಂದೆ.

"ನಮ್ಮನ್ನ ಕಾಯ್ತದೆ ಅಂತ ನೀನೇ ಹೇಳ್ದೆಯಲ್ಲಪ್ಪ. ಕಾಯೋರಿಗೆ ಕುಂಕುಮ ಇಡ್ದೆ ಹೆಂಗಿರಣ?" ಎಂದರು.

ಹಳೆಯದನ್ನು ಚೀಲಕ್ಕೆ ಹಾಕಿ ಹೊಸದನ್ನು ಕೂರಿಸಿ ಸ್ಟೂಲಿನಿಂದ ಇಳಿದೆ. ಅಜ್ಜಿ ಆಗಲೇ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು. ಹೊಸ ಸಾಮಾನಿಗೆ ಪೂಜೆ ಆಗಬೇಕಲ್ಲ.

ಜ್ವರ

ಶಿಡ್ಲಘಟ್ಟದ ಹತ್ತಿರ ಒಬ್ಬ ರೇಷ್ಮೆ ಬೆಳೆಗಾರರು ಎರಡು ಅಲಾರಂ ತೆಗೆದುಕೊಂಡಿದ್ದರು. ಒಂದನ್ನು ನಡುಮನೆಯಲ್ಲಿ, ಒಂದನ್ನು ಮಲಗುವ ಕೋಣೆಯಲ್ಲಿ ಹಾಕಿದ್ದೆ. ಆರು ತಿಂಗಳ ಮೇಲೆ ಪರೀಕ್ಷೆಗೆಂದು ಹೋದರೆ ಎರಡೂ ಗೋಡೆಯ ಮೇಲಿಲ್ಲ. ಹುಡುಕಿದರೆ ಹಿತ್ತಲ ಕಡೆಯ ಹುಳು ಮನೆಯಲ್ಲಿ, ಹುಳು ಸಾಕುವ ತಟ್ಟೆಗಳ ಮೇಲೆ ನೇತಾಡುತ್ತಿವೆ.

ಮನುಷ್ಯರು ಮಲಗುವ ಕಡೆ ಇರಬೇಕಾದ್ದು ಸ್ವಾಮಿ ಎಂದೆ. ಅವರು ಏನೂ ತಿಳಿಯದವನನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ಹುಳಕ್ಕೆ ಹೊಗೆ ಆಗಲ್ಲ ಸಾರ್. ನಾವಾದ್ರೆ ಎದ್ದು ಓಡ್ತೀವಿ, ಅವೆಲ್ಲಿ ಓಡ್ತವೆ?"

ಹೋಗಲಿ, ಕೆಲಸ ಮಾಡುತ್ತದೋ ನೋಡೋಣ ಎಂದು ಗುಂಡಿಗೆ ಕೈ ಹಾಕಿದೆ. ಅವರು ಓಡಿಬಂದು ಕೈ ಹಿಡಿದುಕೊಂಡರು. ಪೊರೆ ಬಿಡುವ ಮುಂಚೆ ಹುಳ ಸೊಪ್ಪು ತಿನ್ನದೆ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಹುಳ ಜ್ವರಕ್ಕೆ ಕೂತಿದೆ, ಸದ್ದು ಮಾಡಬೇಡಿ ಎಂದು ಪಿಸುಗುಟ್ಟಿದರು. ನಾನೂ ಪಿಸುಗುಟ್ಟುತ್ತಲೇ ಹೊರಟುಬಂದೆ. ಜ್ವರ ಬಿಟ್ಟ ಮೇಲೆ ಫೋನು ಮಾಡುತ್ತೇವೆ, ಬನ್ನಿ ಎಂದಿದ್ದರು.

ಹೆಂಡತಿಗೆ ಹೇಳಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಆಗಲೇ ಅವಳಿಗೆ ಕಾಯಿಲೆ ಶುರುವಾಗಿತ್ತು, ನಮಗೆ ಗೊತ್ತಿರಲಿಲ್ಲ.

ಒಗ್ಗರಣೆ

ನಮ್ಮ ಮನೆಯ ಅಲಾರಂ ಮೊದಮೊದಲು ದಿನಾ ಕೂಗುತ್ತಿತ್ತು. ಹೆಂಡತಿ ಒಣಮೆಣಸಿನಕಾಯಿ ಮುರಿದು ಎಣ್ಣೆಗೆ ಹಾಕಿದರೆ ಸಾಕು. ಎಣ್ಣೆ ಅಷ್ಟು ಕಾಯಿಸಬೇಡ ಎಂದು ನಾನೂ ದಿನಾ ರೇಗುತ್ತಿದ್ದೆ. ಆಮೇಲೆ ಕೂಗುವುದು ನಿಂತಿತು. ಅವಳಿದ್ದಷ್ಟು ದಿನ, ಎರಡು ವರ್ಷ, ಮತ್ತೆ ಒಂದು ಸಲವೂ ಕೂಗಲಿಲ್ಲ. ಹೊಗೆಯಿಲ್ಲದೆ ಒಗ್ಗರಣೆ ಹಾಕುವುದನ್ನು ನನ್ನ ಹೆಂಡತಿಯಿಂದ ಕಲಿಯಿರಿ ಎಂದು ಹೋದ ಮನೆಗಳಲ್ಲೆಲ್ಲ ಹೇಳಿದೆ. ಅವಳೆದುರಿಗೂ ಹೊಗಳುತ್ತಿದ್ದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು. ನಾಚಿಕೆ ಎಂದುಕೊಂಡಿದ್ದೆ.

ದೀಪದ ಬುಡದಲ್ಲೇ ಕತ್ತಲೆ. ಊರವರ ಮನೆಯ ಗುಂಡಿ ಒತ್ತುವ ನಾನು ನಮ್ಮ ಮನೆಯದನ್ನು ಒತ್ತಿ ನೋಡಿರಲಿಲ್ಲ.

ಹೋದ ಭಾನುವಾರ ಮಗಳಿಗೆ ಅವಳಮ್ಮನ ಹಾಗೆ ಸಾರು ಮಾಡಿಕೊಡೋಣ ಎಂದು ಒಲೆ ಮುಂದೆ ನಿಂತೆ. ಮೆಣಸಿನಕಾಯಿ ಕರಿಕಲಾಯಿತು. ಮನೆ ತುಂಬ ಘಾಟು, ಇಬ್ಬರಿಗೂ ಕೆಮ್ಮು. ಬಾಗಿಲ ಮೇಲಿನ ಅಲಾರಂ ಮಾತ್ರ ಸುಮ್ಮನಿತ್ತು. ಸ್ಟೂಲ್ ಹತ್ತಿ ಮುಚ್ಚಳ ತೆಗೆದೆ. ಒಳಗೆ ಸೆಲ್ಲೇ ಇಲ್ಲ. ಹತ್ತು ತಿಂಗಳು ನನ್ನ ಮಗಳನ್ನು ಒಂದು ಖಾಲಿ ಡಬ್ಬಿಯ ಕೆಳಗೆ ಬಿಟ್ಟು ಹೋಗುತ್ತಿದ್ದೆ. 

ಮಗಳು ತಲೆ ತಗ್ಗಿಸಿದಳು. "ಅಮ್ಮ ತೆಗೆದು ಮೆಂತ್ಯದ ಡಬ್ಬೀಲಿ ಇಟ್ಟಿದ್ಲಪ್ಪ. ನೀನು ಅಷ್ಟೊಂದು ಹೊಗಳ್ತಿದ್ಯಲ್ಲ, ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ ನನ್ನ ಹೇಳಕ್ಕೆ ಬಿಡ್ಲಿಲ್ಲ. ಆಮೇಲೆ ನಂಗೇ ಹೇಳಕ್ಕಾಗ್ಲಿಲ್ಲ."

ಮೆಂತ್ಯದೊಳಗೆ ಕೈ ಹಾಕಿದೆ. ತಳದಲ್ಲಿ ಎರಡು ಸೆಲ್ಲು, ಅವಳ ಹಳೇ ಸೀರೆಯ ಚೂರಿನಲ್ಲಿ ಸುತ್ತಿದ್ದವು. ಸಿಟ್ಟು ಬಂತು, ನಗು ಬಂತು, ಕೊನೆಗೆ ಅಳು ಬಂತು. ಅಳುತ್ತಲೇ ಸೆಲ್ ಹಾಕಿದೆ. ಹೊಗೆ ಇನ್ನೂ ಇತ್ತು. ಅಲಾರಂ ಇಷ್ಟು ವರ್ಷದ್ದನ್ನೆಲ್ಲ ಸೇರಿಸಿ ಕೂಗಿಕೊಂಡಿತು.

ಗೋಡೆಯಾಚೆಯಿಂದ ಪಕ್ಕದ ಮನೆಯ ದೊಡ್ಡಮ್ಮ ಹಳೇ ಅಭ್ಯಾಸದಂತೆ ನನ್ನ ಹೆಂಡತಿಯನ್ನೇ ಕೂಗಿದರು. "ಏನೇ, ಇವತ್ತೂ ಮೆಣಸಿನಕಾಯಿ ಸೀಯಿಸಿದ್ಯಾ?"

ಕೂಗಿದ ಮೇಲೆ ಅವರಿಗೇ ನೆನಪಾಗಿರಬೇಕು, ಅಯ್ಯೋ ಎಂದದ್ದು ಕೇಳಿಸಿತು. ಮಗಳು ನನ್ನ ಕೈ ಹಿಡಿದುಕೊಂಡಳು. "ಇಲ್ಲ ದೊಡ್ಡಮ್ಮ, ನಾನೇ ಸೀಯಿಸಿದ್ದು" ಎಂದೆ.

ದೊಡ್ಡಮ್ಮ ಗೋಡೆಯ ಹತ್ತಿರಕ್ಕೆ ಬಂದು ಹೇಳಿದರು. "ವಾಸನೇಲೇ ಗೊತ್ತಾಗ್ಬೇಕಿತ್ತು ನಂಗೆ. ಅವಳು ಯಾವತ್ತೂ ಇಷ್ಟು ಕೆಟ್ಟದಾಗಿ ಸೀಯಿಸ್ದೋಳಲ್ಲ ಕಣಪ್ಪ."