ಗಂಡನ ಹೆಸರು ಹೇಳಿದರೆ ನೆರಳಿಗೆ

ಪರರ ಸಂಸಾರದಲ್ಲಿ ತಲೆಹಾಕುವುದರಲ್ಲಿ ನಮ್ಮ ಕಾಕಾನನ್ನು ಮೀರಿಸುವವರು ಇಡೀ ನವಲಗುಂದ ತಾಲೂಕಿನಲ್ಲೇ ಇಲ್ಲ! ಉದ್ಯೋಗ ಖಾತ್ರಿಯಲ್ಲಿ ಕೆರೆಯ ಹೂಳೆತ್ತುವ ಹೆಂಗಸರ ಗುಂಪಿಗೆ ಅವರೇ ಮೇಟ್, ಅಂದರೆ ಮೇಸ್ತ್ರಿ. ಬಿಸಿಲು ನೆತ್ತಿಗೆ ಬಂತೆಂದರೆ ಒಬ್ಬೊಬ್ಬರ ಮುಂದೆಯೂ ನಿಂತು ಒಂದೇ ಪ್ರಶ್ನೆ: “ಗಂಡನ ಹೆಸರ ಹೇಳವಾ!”

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ನೆಟ್ಟಗೆ ಹೇಳುತ್ತಾರೆಯೇ? ಪ್ರಾಸ ಕೂಡಿಸಿ ಒಡಪು ಕಟ್ಟಿಯೇ ಹೇಳಬೇಕು. ಗೌರವ್ವ ಬುಟ್ಟಿ ಇಳಿಸಿ, “ಎರಿ ಹೊಲದಾಗ ಅರಳೈತಿ ಹತ್ತಿ, ಬಸಪ್ಪನ ಮಾರಿ ನೋಡಿದ್ರ ಸುಟ್ಟ ರೊಟ್ಟಿ” ಎನ್ನುತ್ತಿದ್ದಳು. ಒಡಪು ಬಂತೋ, ಕಾಕಾನ ಲೆಕ್ಕದಲ್ಲಿ ತಲೆ ನೆಟ್ಟಗಿದೆ. ಒಡಪು ಮರೆತು ಬರೀ ಹೆಸರು ಬಾಯಿಗೆ ಬಂತೋ, ಬಿಸಿಲು ಬಡಿದಿದೆ. ತಕ್ಷಣ ಜಾಲಿ ಮರದ ನೆರಳು, ಒದ್ದೆ ಟವೆಲ್ಲು, ಉಪ್ಪು ಹಾಕಿದ ಮಜ್ಜಿಗೆ! ಮಜ್ಜಿಗೆಯ ಆಸೆಗೆ ಕೆಲವರು ಮುಂಜಾನೆಯೇ ಗಂಡನ ಹೆಸರು ಕೂಗತೊಡಗಿದರು.

“ಸುಳ್ಳ ಹೇಳಾಕತ್ತಾರ ಕಾಕಾ” ಎಂದೆ.

“ಹೇಳ್ಲಿ ಬಿಡಲೇ. ಸುಳ್ಳ ಹೇಳಾಕೂ ಬುದ್ಧಿ ಬೇಕು. ಅದು ಇರೂತನಾ ಜೀವಕ್ಕ ಧೋಕಾ ಇಲ್ಲ.”

ಒಮ್ಮೆ ಸಾಹೇಬರೊಬ್ಬರು ಬಿಸಿಲಿನಿಂದ ರಕ್ಷಣೆ ಪಡೆಯುವ ಬಗ್ಗೆ ಭಾಷಣ ಮಾಡಲು ಬಂದರು. ಯಾವಾಗ? ನಡುಮಧ್ಯಾಹ್ನ! ಶಾಮಿಯಾನ ಸಾಹೇಬರಿಗೆ, ಬಿಸಿಲು ಹೆಂಗಸರಿಗೆ. ಭಾಷಣ ಮುಗಿಯುವ ಲಕ್ಷಣವೇ ಕಾಣದಿದ್ದಾಗ ಕಾಕಾ ಮುಂದೆ ಬಂದು ಕೈಮುಗಿದರು. “ಸಾಹೇಬ್ರ, ನಿಮ್ಮ ಮನಿಯವರ ಹೆಸರೇನ್ರಿ?” ಪಾಪ, ಸಾಹೇಬರು ಹೇಳಿಯೇಬಿಟ್ಟರು! “ಅಯ್ಯ, ಇವರಿಗೆ ಬಿಸಲ ಬಡದೈತಿ!” ಎಂದು ಗೌರವ್ವ ಒಂದು ತಂಬಿಗೆ ನೀರನ್ನು ಅವರ ನೆತ್ತಿಗೆ ಸುರಿದಳು. ಭಾಷಣ ಅಲ್ಲಿಗೇ ನಿಂತಿತು.

ಊರವರ ಬಾಯಲ್ಲೆಲ್ಲ ಹೆಸರು ಹೊರಡಿಸುವ ಕಾಕಾ ತಮ್ಮ ಹೆಂಡತಿ, ನಮ್ಮ ಕಾಕುವಿನ ಹೆಸರನ್ನು ಮಾತ್ರ ಎಂದೂ ಹೇಳಿದವರಲ್ಲ. “ಏ”, “ಕೇಳ್ತೇನ”, ಅಷ್ಟೇ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಎಲ್ಲರನ್ನೂ ನೆರಳಿಗೆ ಅಟ್ಟಿ, ತಾವೊಬ್ಬರೇ ಬಿಸಿಲಲ್ಲಿ ನಿಂತು ಅಗೆದ ಗುಂಡಿಗಳ ಅಳತೆ ಹಿಡಿಯುತ್ತಿದ್ದರು. ಕಾಕು ಮಜ್ಜಿಗೆಯ ಕೊಡ ಹೊತ್ತು ಬಂದರು. ಕಾಕಾ ಅವರನ್ನೇ ನೋಡುತ್ತ, “ನೀಲವ್ವಾ...” ಎಂದರು.

“ಕಾಕಾಗ ಬಿಸಲ ಬಡದೈತಿ!” ಎಂದು ಗೌರವ್ವ ಚೀರಿದಳು. ಅವರು ನೆಲಕ್ಕೆ ಬೀಳುವ ಮೊದಲೇ ಹೆಂಗಸರು ಹಿಡಿದುಕೊಂಡರು. ನೆರಳಿಗೆ ಎಳೆದು, ಮೈತುಂಬ ನೀರು ಸುರಿದು, ಸೆರಗಿನಿಂದ ಗಾಳಿ ಹಾಕುತ್ತ ಟಂಟಂ ಗಾಡಿಯಲ್ಲಿ ದವಾಖಾನೆಗೆ ಒಯ್ದೆವು.

ಸಂಜೆ ಕಾಕಾ ಕಣ್ಣು ಬಿಟ್ಟರು. ಡಾಕ್ಟರು ಕಾಕುವನ್ನು ತೋರಿಸಿ, “ಯಜಮಾನ್ರ, ಇವರ ಹೆಸರ ಹೇಳ್ರಿ” ಎಂದರು.

ಕಾಕಾ ಕಾಕುವನ್ನು ನೋಡಿದರು. ಆಮೇಲೆ ನಾಚಿ ಗೋಡೆಯ ಕಡೆ ಮುಖ ತಿರುಗಿಸಿದರು. “ಅಕಿ... ನಮ್ಮ ಮನ್ಯಾಕಿರಿ.”

ಡಾಕ್ಟರ ಮುಖ ಗಂಭೀರವಾಯಿತು. ಕಾಕು ಮಾತ್ರ ಗಳಗಳನೆ ಅಳುತ್ತಲೇ ನಕ್ಕುಬಿಟ್ಟರು.

“ಹೆಸರ ಹೇಳವಲ್ರು! ಆರಾಮ ಆಗ್ಯಾರ್ರಿ ಡಾಕ್ಟರ, ನಮ್ಮವರು ಆರಾಮ ಆಗ್ಯಾರ!”